ಗಾಳಿಯಲ್ಲಿ ಕೊಡೆ ಬಿಚ್ಚಿದ ಗಾರ್ನೆರಿನ್

ವಿಮಾನದಿಂದ ಧುಮುಕಿ, ಕ್ಷಣಕಾಲ ಗಾಳಿಯಲ್ಲಿ ಈಜಾಡಿ, ಆಮೇಲೆ ಪ್ಯಾರಾಚೂಟನ್ನು ಬಿಚ್ಚಿಕೊಂಡು ನೆಲಕ್ಕಿಳಿಯುವ ಆಟವು ಇಂದು ನಾಲ್ಕು ಕಾಸು ಕೂಡಿಸಿದವರೆಲ್ಲರಿಗೂ ಎಟಕುವ ವಿನೋದವಾಗಿದೆ. ದುಡಿಮೆಗೆಂದು ದುಬಾಯಿಗೆ ಹೋದ ನಮ್ಮ ಹುಡುಗರು ಅಲ್ಲಿಯ ಕಡಲತೀರದ ಮೇಲೆ ಹಾಗೆ ಧುಮುಕಿದ ಚಿತ್ರಗಳನ್ನು ಮನೆಗೆ ಕಳುಹಿಸುವುದುಂಟು. ಚಿತ್ರವನ್ನು ಕಂಡ ತಾಯಿ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಇದೇನು ಹುಚ್ಚು ಎಂದು ತಂದೆ ಗದರುತ್ತಾನೆ. ರಸ್ತೆ ದಾಟುವುದಕ್ಕಿಂತ ಇದರಲ್ಲಿ ಅಪಾಯ ಕಡಮೆಯೆಂದು ಮಗ ವಾದಿಸುತ್ತಾನೆ. ವಾದ ಅಲ್ಲಿಗೇ ನಿಲ್ಲುತ್ತದೆ, ತೀರ್ಮಾನವಾಗುವುದಿಲ್ಲ.

ಈ ವಾದವು ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಇನ್ನೂರ ಇಪ್ಪತ್ತು ವರ್ಷಗಳಿಗೂ ಹಿಂದೆ ಪ್ಯಾರಿಸ್ ನಗರದಲ್ಲಿ ಇದೇ ಪ್ರಶ್ನೆಯು ಪೊಲೀಸು ಕಚೇರಿಯ ಮೆಟ್ಟಿಲನ್ನು ಹತ್ತಿ, ಮಂತ್ರಿಗಳ ಮೇಜಿನವರೆಗೆ ಹೋಗಿತ್ತು. ತನ್ನ ಪ್ರಾಣವನ್ನು ಪಣಕ್ಕೊಡ್ಡುವ ಹಕ್ಕು ಮನುಷ್ಯನಿಗೆ ಎಷ್ಟರ ಮಟ್ಟಿಗಿದೆ? ಅದನ್ನು ತಡೆಯುವ ಹಕ್ಕು ಇತರರಿಗೆ ಎಷ್ಟಿದೆ? ಈ ಪ್ರಶ್ನೆಗಳನ್ನೆಬ್ಬಿಸಿದ ವ್ಯಕ್ತಿಯೇ ಆಂದ್ರೆ ಜಾಕ್ ಗಾರ್ನೆರಿನ್. ಚೌಕಟ್ಟಿಲ್ಲದ ಬಟ್ಟೆಯ ಕೊಡೆಯನ್ನು ನಂಬಿ ಆಕಾಶದಿಂದ ಇಳಿದವರಲ್ಲಿ ಆತನೇ ಮೊದಲಿಗನು. ಆತನ ಬಾಳಿನ ಕಥೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಬೆಂಕಿಯಿಂದ ಪಾರಾಗಲು ಹುಟ್ಟಿದ ಕೊಡೆ

ಗಾರ್ನೆರಿನ್ ಹುಟ್ಟಿದುದು ಪ್ಯಾರಿಸ್ಸಿನಲ್ಲಿ, 1769ರ ಜನವರಿ 31ರಂದು. ಆತನು ಹದಿನಾಲ್ಕರ ಹುಡುಗನಾಗಿದ್ದಾಗ ಜಗತ್ತೇ ತಲೆಯೆತ್ತಿ ನೋಡುವಂತಹ ಸಂಗತಿಯೊಂದು ಆತನ ಊರಿನಲ್ಲಿಯೇ ನಡೆಯಿತು. 1783ರ ನವೆಂಬರ್ 21ರಂದು ಮೊಂಗೊಲ್ಫಿಯೆ ಸಹೋದರರ ಬಿಸಿಗಾಳಿಯ ಬಲೂನು ಇಬ್ಬರು ಮನುಷ್ಯರನ್ನು ಹೊತ್ತು ಪ್ಯಾರಿಸ್ಸಿನ ಮೇಲೆ ತೇಲಿತು. ಹತ್ತೇ ದಿನಗಳಲ್ಲಿ, ಡಿಸೆಂಬರ್ 1ರಂದು, ಭೌತಶಾಸ್ತ್ರಜ್ಞನಾದ ಜಾಕ್ ಷಾರ್ಲ್ ಎಂಬಾತನು ಜಲಜನಕ ತುಂಬಿದ ಬಲೂನಿನಲ್ಲಿ ಮೇಲೇರಿದನು.

ಅದೇ ಡಿಸೆಂಬರ್ 26ರಂದು ದಕ್ಷಿಣ ಫ್ರಾನ್ಸಿನ ಮೊಂಪೆಲಿಯೆ ಪಟ್ಟಣದಲ್ಲಿ ಲೂಯಿ ಸೆಬಾಸ್ತಿಯನ್ ಲೆನೊರ್ಮಾಂ ಎಂಬಾತನು ವೀಕ್ಷಣಾಲಯದ ಗೋಪುರದಿಂದ ಕೊಡೆಯಂತಹ ಸಾಧನವನ್ನು ಹಿಡಿದು ಜನಸಮೂಹದ ಮುಂದೆ ಕೆಳಕ್ಕೆ ಜಿಗಿದನು. ಪ್ಯಾರಾಚೂಟ್ ಎಂಬ ಹೆಸರನ್ನಿತ್ತವನೂ ಆತನೇ. ಉರಿಯುತ್ತಿರುವ ಕಟ್ಟಡದ ಮಾಳಿಗೆಯಲ್ಲಿ ಸಿಕ್ಕಿಕೊಂಡವರು ಕಿಟಕಿಯಿಂದ ಹಾರಿ ಪ್ರಾಣ ಉಳಿಸಿಕೊಳ್ಳಲೆಂಬುದು ಆತನ ಉದ್ದೇಶವಾಗಿತ್ತು. ಇಂದು ಸಾಹಸದ ಗುರುತಾಗಿರುವ ಈ ಸಾಧನವು ಹುಟ್ಟಿದುದು ಸುರಕ್ಷಿತತೆಗಾಗಿ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಈ ಎರಡು ಗುಣಗಳ ಜಗಳವೇ ಆಗಿದೆ.

ಆಕಾಶವು ತನ್ನ ಬೆಲೆಯನ್ನು ಕೇಳಲು ಬಹಳ ಕಾಲ ಕಾಯಲಿಲ್ಲ. ಮೊದಲ ಬಲೂನಿನಲ್ಲಿ ಏರಿದ ಇಬ್ಬರಲ್ಲಿ ಒಬ್ಬನಾದ ಪಿಲಾತ್ರ್ ದ ರೋಜಿಯೆ 1785ರ ಜೂನ್ 15ರಂದು ಇಂಗ್ಲಿಷ್ ಕಡಲುಗಾಲುವೆಯನ್ನು ದಾಟಲು ಹೊರಟು, ಬಲೂನು ಕುಸಿದು, ಜೊತೆಗಾರನೊಂದಿಗೆ ಮಡಿದನು. ಇನ್ನೊಂದು ಬಗೆಯ ಅಪಾಯವೂ ಕಂಡುಬಂದಿತ್ತು. 1784ರ ಜುಲೈಯಲ್ಲಿ ಪ್ಯಾರಿಸ್ಸಿನ ಲುಕ್ಸೆಂಬುರ್ಗ್ ಉದ್ಯಾನದಲ್ಲಿ ಹಣ ತೆತ್ತು ನೆರೆದಿದ್ದ ಜನರು, ಬಲೂನು ಮೇಲೇಳದೆ ಹೋದಾಗ ರೊಚ್ಚಿಗೆದ್ದು ಅದನ್ನು ಹರಿದು ಸುಟ್ಟುಹಾಕಿದರು. ಹವೆ ಚೆನ್ನಾಗಿಲ್ಲ, ಇಂದು ಏರುವುದು ಬೇಡ ಎಂದು ಬಲೂನುಗಾರನಿಗೆ ತೋರಿದರೂ, ಹಣ ಕೊಟ್ಟ ಗಿರಾಕಿಗೆ ಆ ಮಾತನ್ನು ಹೇಳುವುದು ಸುಲಭವಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಬಾಳಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಸೆರೆಮನೆಯಲ್ಲಿ ಮೂಡಿದ ಯೋಚನೆ

ಗಾರ್ನೆರಿನ್ ತಾರುಣ್ಯದಲ್ಲಿಯೇ ಬಲೂನು ವಿದ್ಯೆಯನ್ನು ಕಲಿತನು. ಅಷ್ಟರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಬಂದಿತು. ಕ್ರಾಂತಿಯ ಸರಕಾರವು ಆತನನ್ನು ಉತ್ತರದ ಸೇನೆಯ ಬಳಿಗೆ ತನ್ನ ಪ್ರತಿನಿಧಿಯಾಗಿ ಕಳುಹಿಸಿತು. 1793ರಲ್ಲಿ ಆತನು ಶತ್ರುಗಳ ಕೈಗೆ ಸಿಕ್ಕಿಬಿದ್ದನು. ಆಸ್ಟ್ರಿಯಾದವರು ಆತನನ್ನು ಹಂಗೇರಿಯ ಬುಡಾ ಕೋಟೆಯಲ್ಲಿ ಸುಮಾರು ಮೂರು ವರ್ಷ ಸೆರೆಯಲ್ಲಿಟ್ಟರು.

ಎತ್ತರದ ಕೋಟೆಗೋಡೆಯ ಮೇಲಿಂದ ಕೆಳಗಿನ ಬಯಲನ್ನು ನೋಡುವ ಸೆರೆಯಾಳಿಗೆ ಬೇರೆ ಯಾವ ಯೋಚನೆ ಬಂದೀತು? ಬಟ್ಟೆಯ ಕೊಡೆಯೊಂದನ್ನು ಮಾಡಿಕೊಂಡು ಇಲ್ಲಿಂದ ಹಾರಿಹೋಗಬಹುದೇ ಎಂದು ಗಾರ್ನೆರಿನ್ ಲೆಕ್ಕ ಹಾಕುತ್ತ ದಿನ ಕಳೆದನು. ಅದನ್ನು ಕೃತಿಗಿಳಿಸುವ ಅವಕಾಶ ಮಾತ್ರ ಆತನಿಗೆ ದೊರೆಯಲಿಲ್ಲ. ಆದರೆ ಅದೇ ಕಾಲದಲ್ಲಿ ಸೆರೆಯಾಗಿದ್ದ ದ್ರುಯೆ ಎಂಬ ಇನ್ನೊಬ್ಬ ಫ್ರೆಂಚನು 1794ರಲ್ಲಿ ಸ್ಪೀಲ್‌ಬರ್ಗ್ ಕೋಟೆಯಿಂದ ಇಂತಹುದೇ ಕೈಮಾಡಿನ ಕೊಡೆಯನ್ನು ನಂಬಿ ಜಿಗಿದು ಕಾಲು ಮುರಿದುಕೊಂಡು ಮತ್ತೆ ಸಿಕ್ಕಿಬಿದ್ದನು. ಗಾರ್ನೆರಿನ್ನನಿಗೆ ಜಿಗಿಯುವ ಅವಕಾಶ ದೊರೆಯಲಿಲ್ಲವೆಂಬುದು ಒಂದು ಬಗೆಯ ಭಾಗ್ಯವೇ ಆಯಿತು. ಆತನಿಗೆ ಲೆಕ್ಕ ಹಾಕಲು ಕಾಲ ದೊರೆಯಿತು.

1797ರ ಅಕ್ಟೋಬರ್ 22

ಬಿಡುಗಡೆಯಾಗಿ ಊರಿಗೆ ಬಂದ ಗಾರ್ನೆರಿನ್ ತನ್ನ ಕೊಡೆಯನ್ನು ಸಿದ್ಧಗೊಳಿಸಿದನು. ಅದುವರೆಗಿನ ಕೊಡೆಗಳಿಗೆಲ್ಲ ಮರದ ಗಟ್ಟಿ ಚೌಕಟ್ಟು ಇರುತ್ತಿತ್ತು. ಗಾರ್ನೆರಿನ್ ಚೌಕಟ್ಟನ್ನು ಕೈಬಿಟ್ಟನು. ಸುಮಾರು 23 ಅಡಿ ಅಗಲದ ಬಟ್ಟೆಯ ಕೊಡೆ, ಅದರ ಅಂಚಿನಿಂದ ಇಳಿಬಿಟ್ಟ ಹಗ್ಗಗಳು, ಹಗ್ಗಗಳ ತುದಿಗೆ ಒಬ್ಬನು ನಿಲ್ಲುವಷ್ಟು ಪುಟ್ಟ ಬುಟ್ಟಿ, ಇಷ್ಟೇ ಆತನ ಸಾಧನ. ಮೇಲೇರುವಾಗ ಈ ಕೊಡೆಯು ಮಳೆಗಾಲ ಮುಗಿದ ಮೇಲೆ ಮೂಲೆಯಲ್ಲಿಟ್ಟ ಛತ್ರಿಯಂತೆ ಮಡಿಸಿಕೊಂಡು ಬಲೂನಿನ ಕೆಳಗೆ ತೂಗುತ್ತಿತ್ತು. ನಡುವಿನ ಒಂದು ಹಗ್ಗವು ಬಲೂನನ್ನೂ ಬುಟ್ಟಿಯನ್ನೂ ಕೂಡಿಸಿತ್ತು. ಆ ಹಗ್ಗವನ್ನು ಕತ್ತರಿಸಿದರೆ ಬಲೂನು ಮೇಲಕ್ಕೂ ಬುಟ್ಟಿ ಕೆಳಕ್ಕೂ ಹೋಗುವುವು. ಬೀಳುವ ವೇಗಕ್ಕೆ ಗಾಳಿ ತಾನಾಗಿಯೇ ಒಳನುಗ್ಗಿ ಬಟ್ಟೆಯನ್ನು ಅರಳಿಸಬೇಕು. ಅರಳದಿದ್ದರೆ ಎರಡನೆಯ ಉಪಾಯವೆಂಬುದು ಇರಲಿಲ್ಲ.

1797ರ ಅಕ್ಟೋಬರ್ 22ರ ಸಂಜೆ ಪ್ಯಾರಿಸ್ಸಿನ ಮೊಂಸೊ ಉದ್ಯಾನದಲ್ಲಿ ಜನ ನೆರೆದಿದ್ದರು. ಇಪ್ಪತ್ತೆಂಟು ವರ್ಷದ ಗಾರ್ನೆರಿನ್ ಬುಟ್ಟಿಯಲ್ಲಿ ನಿಂತು ಮೇಲೇರಿದನು. ಸುಮಾರು 3,000 ಅಡಿಯ ಎತ್ತರದಲ್ಲಿ ಹಗ್ಗವನ್ನು ಕತ್ತರಿಸಿದನು ಎಂಬುದು ಸಾಮಾನ್ಯವಾದ ಎಣಿಕೆ. ಭಾರ ಕಳೆದುಕೊಂಡ ಬಲೂನು ಮೇಲಕ್ಕೆ ಚಿಮ್ಮಿ ಒಡೆಯಿತು. ಬುಟ್ಟಿಯು ಕಲ್ಲಿನಂತೆ ಕೆಳಕ್ಕೆ ಹೊರಟಿತು. ನೋಡುತ್ತಿದ್ದವರು ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಬಟ್ಟೆಯು ಅರಳಿತು. ವೇಗ ತಗ್ಗಿತು. ಆದರೆ ಬುಟ್ಟಿಯು ಗಡಿಯಾರದ ಲೋಲಕದಂತೆ ಈ ಕಡೆಯಿಂದ ಆ ಕಡೆಗೆ ಭಯಂಕರವಾಗಿ ತೂಗಾಡತೊಡಗಿತು. ಹಾಗೆಯೇ ತೂಗುತ್ತ, ಉರುಳುತ್ತ ಅದು ನೆಲವನ್ನು ಮುಟ್ಟಿತು. ಗಾರ್ನೆರಿನ್ ಎದ್ದು ನಿಂತನು. ದೊಡ್ಡ ಪೆಟ್ಟೇನೂ ಆಗಿರಲಿಲ್ಲ.

ಮೇಲ್ತುದಿಯ ರಂಧ್ರ

ಬೇರೊಬ್ಬನಾಗಿದ್ದರೆ ಜಯಘೋಷವನ್ನು ಕೇಳಿ ತೃಪ್ತನಾಗುತ್ತಿದ್ದನು. ಗಾರ್ನೆರಿನ್ನನಿಗೆ ಮಾತ್ರ ತೂಗಾಟದ ಚಿಂತೆ ಹತ್ತಿತು. ಕೊಡೆ ಏಕೆ ತೂಗಿತು?

ಕೆಳಗಿನಿಂದ ನುಗ್ಗಿದ ಗಾಳಿಯು ಕೊಡೆಯೊಳಗೆ ಒತ್ತಿಕೊಂಡು ಕೂಡುತ್ತದೆ. ಅದಕ್ಕೆ ಮೇಲೆ ಹೊರದಾರಿಯಿಲ್ಲ. ಆದುದರಿಂದ ಒಂದು ಬದಿಯ ಅಂಚನ್ನೆತ್ತಿ ಹೊರಚೆಲ್ಲುತ್ತದೆ. ಆಗ ಕೊಡೆ ಒಂದು ಪಕ್ಕಕ್ಕೆ ವಾಲುತ್ತದೆ. ಮರುಕ್ಷಣ ಇನ್ನೊಂದು ಅಂಚಿನಿಂದ ಚೆಲ್ಲುತ್ತದೆ, ಆ ಪಕ್ಕಕ್ಕೆ ವಾಲುತ್ತದೆ. ಇಡ್ಲಿ ಬೇಯಿಸುವ ಹಂಡೆಗೆ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿದರೆ ಉಗಿಯು ಅದನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಎತ್ತಿ ತಟತಟನೆ ಕುಣಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಮುಚ್ಚಳದ ನಡುವೆ ಸಣ್ಣದೊಂದು ತೂತಿದ್ದರೆ ಉಗಿ ಅದರಿಂದ ಹೋಗುತ್ತದೆ, ಮುಚ್ಚಳ ಸುಮ್ಮನಿರುತ್ತದೆ. ಕೊಡೆಯ ಮೇಲ್ತುದಿಯಲ್ಲಿಯೂ ಹಾಗೆಯೇ ಒಂದು ರಂಧ್ರವಿರಲಿ ಎಂಬ ಸೂಚನೆ ಬಂದಿತು. ಅದನ್ನಿತ್ತವನು ಖ್ಯಾತ ಖಗೋಳಶಾಸ್ತ್ರಜ್ಞನಾದ ಲಾಲಾಂದ್ ಎಂದು ಹೇಳುವುದುಂಟು.

ಬೀಳದಂತೆ ಹಿಡಿಯಬೇಕಾದ ಬಟ್ಟೆಗೆ ತೂತು ಮಾಡುವುದೆಂದರೆ ಮೊದಲ ನೋಟಕ್ಕೆ ಬುದ್ಧಿಗೇಡಿತನವಾಗಿ ಕಾಣುತ್ತದೆ. ಆದರೆ ದುಂಡು ಪ್ಯಾರಾಚೂಟುಗಳ ಶಿಖರದಲ್ಲಿ ಈ ರಂಧ್ರವು ಮುಂದೆ ಶಾಶ್ವತವಾಗಿ ನೆಲೆಸಿತು. ಅದು ಒಂದೇ ದಿನದಲ್ಲಿ ಆದ ಕೆಲಸವಲ್ಲ. ತೂಗಾಟದ ಪೀಡೆ ಗಾರ್ನೆರಿನ್ನನನ್ನು ಇನ್ನೂ ಹಲವು ವರ್ಷ ಬಿಡಲಿಲ್ಲ.

ಪೊಲೀಸರ ಆಕ್ಷೇಪಣೆ

1798ರಲ್ಲಿ ಗಾರ್ನೆರಿನ್ ಹೊಸದೊಂದು ಪ್ರಕಟಣೆಯನ್ನು ಹೊರಡಿಸಿದನು. ಮುಂದಿನ ಸಲ ಬಲೂನಿನಲ್ಲಿ ತನ್ನ ಜೊತೆಗೆ ಒಬ್ಬ ತರುಣಿಯೂ ಏರುವಳೆಂಬುದೇ ಆ ಪ್ರಕಟಣೆ. ಪ್ಯಾರಿಸ್ಸಿನಲ್ಲಿ ಗುಲ್ಲೆದ್ದಿತು. ಪೊಲೀಸು ಕೇಂದ್ರ ಕಚೇರಿಯವರು ಗಾರ್ನೆರಿನ್ನನನ್ನು ಕರೆಸಿಕೊಂಡು ವಿಚಾರಿಸಿದರು.

ಅಧಿಕಾರಿಗಳ ಆಕ್ಷೇಪಣೆ ಎರಡು ಬಗೆಯದಾಗಿತ್ತು. ಎತ್ತರದಲ್ಲಿ ಗಾಳಿಯ ಒತ್ತಡ ಕಡಮೆಯಾಗುವುದರಿಂದ ಹೆಣ್ಣಿನ ಕೋಮಲ ಅಂಗಾಂಗಗಳಿಗೆ ಕೇಡಾಗಬಹುದು, ಆಕೆ ಮೂರ್ಛೆ ಹೋಗಬಹುದು ಎಂಬುದು ಒಂದು. ಪರಪುರುಷನೊಡನೆ ಅಷ್ಟು ಇಕ್ಕಟ್ಟಾದ ಬುಟ್ಟಿಯಲ್ಲಿ ಹೋಗುವುದು ಶೀಲಕ್ಕೆ ಕುಂದು ಎಂಬುದು ಇನ್ನೊಂದು. ಈ ತರುಣಿಯು ಪರಿಣಾಮವೇನಾದೀತೆಂಬ ಅರಿವಿಲ್ಲದೆ ಈ ಕಾರ್ಯಕ್ಕೆ ತನ್ನನ್ನು ಒಪ್ಪಿಸಿಕೊಂಡಿದ್ದಾಳೆ ಎಂಬ ಕಾರಣ ಕೊಟ್ಟು ಅವರು ನಿಷೇಧಾಜ್ಞೆಯನ್ನು ಹೊರಡಿಸಿದರು.

ಗಾರ್ನೆರಿನ್ ಸುಮ್ಮನಿರಲಿಲ್ಲ. ವಿಷಯವು ಗೃಹಮಂತ್ರಿಯ ಹಾಗೂ ಪೊಲೀಸು ಮಂತ್ರಿಯ ಬಳಿಗೆ ಹೋಯಿತು. ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಒಂದೇ ಸಾರೋಟಿನಲ್ಲಿ ಕುಳಿತರೆ ಇಲ್ಲದ ಅಪವಾದವು ಒಂದೇ ಬಲೂನಿನಲ್ಲಿ ಕುಳಿತರೆ ಏಕೆ ಬರಬೇಕೆಂದು ಅವರು ಕೇಳಿದರು. ತರುಣಿಯು ಪ್ರಯೋಗದಲ್ಲಿ ನಂಬಿಕೆಯನ್ನೂ ತನ್ನ ಧೈರ್ಯವನ್ನೂ ತೋರಿಸಿದ್ದಾಳೆಂದು ಒಪ್ಪಿ ನಿಷೇಧವನ್ನು ತೆಗೆದುಹಾಕಿದರು. 1798ರ ಜುಲೈ 8ರಂದು ಆಕೆ ಮೊಂಸೊ ಉದ್ಯಾನದಿಂದ ಗಾರ್ನೆರಿನ್ನನೊಡನೆ ಮೇಲೇರಿ, ಸುಮಾರು 30 ಕಿಲೋಮೀಟರು ದೂರದ ಗುಸಾಂವಿಲ್ ಎಂಬಲ್ಲಿ ಕ್ಷೇಮವಾಗಿ ಇಳಿದಳು. ಇತಿಹಾಸದಲ್ಲಿ ಆಕೆಗೆ ಉಳಿದಿರುವ ಹೆಸರು ನಾಗರಿಕಳಾದ ಹೆನ್ರಿ ಎಂದಷ್ಟೇ.

ಆ ಅಧಿಕಾರಿಗಳನ್ನು ನಾವು ಇಂದು ನೆನೆದು ನಗಬಹುದು. ಅವರ ಶರೀರಶಾಸ್ತ್ರವೂ ತಪ್ಪು, ನೀತಿಶಾಸ್ತ್ರವೂ ತಪ್ಪು. ಆದರೆ ಅವರೆತ್ತಿದ ಪ್ರಶ್ನೆಯೊಂದು ಮಾತ್ರ ಸರಿಯಾದುದೇ ಆಗಿತ್ತು. ಏನಾಗಬಹುದೆಂದು ಏರುವವಳಿಗೆ ಗೊತ್ತಿದೆಯೇ? ಅವರ ತಪ್ಪೆಂದರೆ, ಆ ಪ್ರಶ್ನೆಯನ್ನು ಆಕೆಗೇ ಕೇಳದೆ, ಉತ್ತರವನ್ನು ತಾವೇ ಬರೆದುಕೊಂಡುದು.

ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಟ್ಟವಳು ಇನ್ನೊಬ್ಬಳು. ಜಾನ್ ಜೆನೆವಿಯೆವ್ ಲಬ್ರೋಸ್ ಎಂಬ ತರುಣಿಯು 1797ರ ಆ ಮೊದಲ ಇಳಿತವನ್ನು ಜನರ ನಡುವೆ ನಿಂತು ಕಣ್ಣಾರೆ ಕಂಡಿದ್ದಳು. ಬುಟ್ಟಿ ಹೇಗೆ ತೂಗಾಡಿತೆಂಬುದನ್ನು ಬಲ್ಲವಳಾಗಿದ್ದಳು. ಎಲ್ಲವನ್ನೂ ಕಂಡು ತಿಳಿದೇ ಗಾರ್ನೆರಿನ್ನನ ಶಿಷ್ಯೆಯಾದಳು. 1798ರ ನವೆಂಬರ್ 10ರಂದು ಬಲೂನು ಏರಿದಳು. 1799ರ ಅಕ್ಟೋಬರ್ 12ರಂದು ಸುಮಾರು 900 ಮೀಟರು ಎತ್ತರದಿಂದ ಪ್ಯಾರಾಚೂಟಿನಲ್ಲಿ ಇಳಿದು, ಹಾಗಿಳಿದ ಮೊದಲ ಮಹಿಳೆಯೆನಿಸಿದಳು. ಮುಂದೆ ಗಾರ್ನೆರಿನ್ನನ ಕೈಹಿಡಿದಳು. 1802ರ ಅಕ್ಟೋಬರಿನಲ್ಲಿ ಪ್ಯಾರಾಚೂಟಿನ ಸ್ವಾಮ್ಯಪತ್ರಕ್ಕೆ ಗಂಡನ ಪರವಾಗಿ ಅರ್ಜಿ ಹಾಕಿದವಳೂ ಆಕೆಯೇ.

ಲಂಡನ್ನಿನ ಇಳಿತ

1802ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸ್ವಲ್ಪ ಕಾಲದ ಶಾಂತಿ ಏರ್ಪಟ್ಟಿತು. ಗಾರ್ನೆರಿನ್ ಲಂಡನ್ನಿಗೆ ಬಂದನು. ಜೂನ್ 28ರಂದು ರಾನೆಲಾ ಉದ್ಯಾನದಿಂದ ಇಂಗ್ಲಿಷ್ ಸಹಯಾತ್ರಿಯೊಬ್ಬನೊಡನೆ ಬಲೂನೇರಿ, ಬಿರುಗಾಳಿಯಲ್ಲಿ ಮುಕ್ಕಾಲು ಗಂಟೆಯಲ್ಲಿ ಕೋಲ್ಚೆಸ್ಟರಿನ ಬಳಿ ಇಳಿದನು. ಅದು ಸುಮಾರು 60 ಮೈಲು ದೂರ. ಕುದುರೆ ಗಾಡಿಯ ಕಾಲದ ಜನಕ್ಕೆ ಇದು ನಂಬಲಾಗದ ವೇಗವಾಗಿತ್ತು.

ಸೆಪ್ಟೆಂಬರ್ 21ರಂದು ಗ್ರೋವ್‌ನರ್ ಚೌಕದ ಸಮೀಪದಿಂದ ಏರಿ ಪ್ಯಾರಾಚೂಟಿನಲ್ಲಿ ಇಳಿದನು. ಎತ್ತರವು 8,000 ಅಡಿಯೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಹಗ್ಗ ಕತ್ತರಿಸಿದ ಮೇಲೆ ಕೊಡೆ ಅರಳಿತಾದರೂ, ಬುಟ್ಟಿಯು ಕೊಡೆಯ ಮಟ್ಟಕ್ಕೇ ಬರುವುದೋ ಎಂಬಂತೆ ತೂಗಾಡಿತು. ಕೆಳಗಿದ್ದವರು ಆತನ ಕಥೆ ಮುಗಿಯಿತೆಂದುಕೊಂಡರು. ಸೇಂಟ್ ಪಾಂಕ್ರಸ್ ಬಳಿಯ ಹೊಲವೊಂದರಲ್ಲಿ ಆತನು ಬಂದು ಬಿದ್ದನು. ಮೈ ತರಚಿತ್ತು, ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಪ್ರಾಣ ಮಾತ್ರ ಉಳಿದಿತ್ತು. ಆ ದಿನ ಜನರ ನಡುವೆ ರಾಬರ್ಟ್ ಕಾಕಿಂಗ್ ಎಂಬ ಚಿತ್ರಕಾರನೂ ನಿಂತು ನೋಡುತ್ತಿದ್ದನು. ಆತನ ಹೆಸರನ್ನು ವಾಚಕರು ಮರೆಯದಿರಲಿ.

ಕಿರೀಟ ಹೊತ್ತ ಬಲೂನು

ಮರುವರ್ಷ ಗಾರ್ನೆರಿನ್ ದಂಪತಿಗಳು ರಷ್ಯಕ್ಕೆ ಹೋಗಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚಕ್ರವರ್ತಿ ಅಲೆಕ್ಸಾಂಡರನ ಸಮ್ಮುಖದಲ್ಲಿ ಬಲೂನೇರಿದರು. ಕೀರ್ತಿಯು ಶಿಖರವನ್ನು ಮುಟ್ಟಿತ್ತು. ಅಲ್ಲಿಂದ ಇಳಿಯಲು ಕಾರಣವಾದುದು ಒಂದು ಆಳಿಲ್ಲದ ಬಲೂನು. 1804ರ ಡಿಸೆಂಬರಿನಲ್ಲಿ ನೆಪೋಲಿಯನ್ನನ ಪಟ್ಟಾಭಿಷೇಕದ ಉತ್ಸವಕ್ಕಾಗಿ ಗಾರ್ನೆರಿನ್ ಕಿರೀಟದಿಂದ ಅಲಂಕೃತವಾದ ಒಂದು ದೊಡ್ಡ ಬಲೂನನ್ನು ಪ್ಯಾರಿಸ್ಸಿನಿಂದ ಹಾರಿಬಿಟ್ಟನು. ಗಾಳಿ ಅದನ್ನು ಆಲ್ಪ್ಸ್ ಪರ್ವತಗಳನ್ನು ದಾಟಿಸಿ ಇಟಲಿಗೆ ಒಯ್ದಿತು. ರೋಮ್ ನಗರದ ಬಳಿಯ ಬ್ರಾಚ್ಚಿಯಾನೊ ಸರೋವರದಲ್ಲಿ ಅದು ಬಿದ್ದಿತು. ಬೀಳುವ ಮುನ್ನ ಕ್ರೂರಿ ನೀರೋ ಚಕ್ರವರ್ತಿಯದೆನ್ನಲಾದ ಗೋರಿಗೆ ತಗಲಿ ಕಿರೀಟದ ತುಂಡನ್ನು ಅಲ್ಲಿ ಬಿಟ್ಟಿತೆಂದು ಕಥೆ ಹಬ್ಬಿತು. ಇದು ಅಪಶಕುನವೆಂದು ಜನ ಆಡಿಕೊಂಡರು. ಗಾರ್ನೆರಿನ್ ನೆಪೋಲಿಯನ್ನನ ಕೃಪೆಯನ್ನು ಕಳೆದುಕೊಂಡನು.

ಆತನ ಸ್ಥಾನವು ಸೋಫಿ ಬ್ಲಾಂಷಾರ್ ಎಂಬ ಮಹಿಳೆಗೆ ದೊರೆಯಿತು. ಧೈರ್ಯದಲ್ಲಿ ಆಕೆಗೆ ಎಣೆಯಿರಲಿಲ್ಲ. ರಾತ್ರಿ ಹೊತ್ತು ಬಲೂನಿನಿಂದ ಬಾಣಬಿರುಸುಗಳನ್ನು ಹಾರಿಸಿ ಜನರನ್ನು ರಂಜಿಸುತ್ತಿದ್ದಳು. ಅವಳ ತಲೆಯ ಮೇಲಿದ್ದುದು ಜಲಜನಕ. ಕಿಡಿ ತಗುಲಿದರೆ ಹತ್ತಿಕೊಳ್ಳುವ ಅನಿಲ. 1819ರ ಜುಲೈ 6ರ ರಾತ್ರಿ ಪ್ಯಾರಿಸ್ಸಿನ ತಿವೊಲಿ ಉದ್ಯಾನದ ಮೇಲೆ ಹಾಗೆಯೇ ಆಯಿತು. ಬಲೂನು ಹೊತ್ತಿಕೊಂಡಿತು. ಅದೂ ಆಟದ ಭಾಗವೆಂದು ಭಾವಿಸಿ ಕೆಳಗಿನ ಕೆಲವರು ಕೈತಟ್ಟಿದರು. ಆಕೆ ಮನೆಯೊಂದರ ಛಾವಣಿಗೆ ಬಡಿದು ಬೀದಿಗೆ ಬಿದ್ದು ಸತ್ತಳು.

ನೆಲದ ಮೇಲೆ ಬಂದ ಮರಣ

ಬಲೂನು, ಜಲಜನಕ, ತೂಗಾಡುವ ಕೊಡೆ, ಬಿರುಗಾಳಿ ಇವೆಲ್ಲವನ್ನೂ ಗೆದ್ದು ಬದುಕಿದ ಗಾರ್ನೆರಿನ್ ಹೇಗೆ ಸತ್ತನೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. 1823ರ ಆಗಸ್ಟ್ 18ರಂದು ಪ್ಯಾರಿಸ್ಸಿನಲ್ಲಿ ಬಲೂನೊಂದನ್ನು ಸಿದ್ಧಪಡಿಸುತ್ತಿದ್ದಾಗ ಮರದ ತೊಲೆಯೊಂದು ಬಡಿದು ಆತನು ಮಡಿದನು. ಆಗ ಆತನಿಗೆ 54 ವರ್ಷ.

ವಿಧಿಯಾಟವೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಅಪಾಯದ ಸ್ವಭಾವವೇ ಹೀಗೆ. ಎಣ್ಣೆ ಕುದಿಯುವ ಬಾಣಲೆಯ ಮುಂದೆ ಅಡುಗೆಭಟ್ಟನು ಎಚ್ಚರವಾಗಿರುತ್ತಾನೆ. ಆತನು ಜಾರಿ ಬೀಳುವುದು ಪಾತ್ರೆ ತೊಳೆಯುವ ಒದ್ದೆ ನೆಲದ ಮೇಲೆ. ನಾವು ಹೆದರುವ ಜಾಗದಲ್ಲಿ ನಮ್ಮನ್ನು ಎಚ್ಚರಿಕೆ ಕಾಯುತ್ತದೆ, ಹೆದರದ ಜಾಗದಲ್ಲಿ ಕಾಯುವವರಿಲ್ಲ.

ಗಾರ್ನೆರಿನ್ನನ ವಿದ್ಯೆ ಆತನೊಡನೆ ಅಳಿಯಲಿಲ್ಲ. ಆತನ ಅಣ್ಣನ ಮಗಳಾದ ಎಲಿಸಾ ಗಾರ್ನೆರಿನ್ 1815ರಿಂದ 1836ರವರೆಗೆ ಯುರೋಪಿನ ಹಲವು ದೇಶಗಳಲ್ಲಿ 39 ಸಲ ಪ್ಯಾರಾಚೂಟಿನಲ್ಲಿ ಇಳಿದಳು.

ಕಾಕಿಂಗನ ಕೊಡೆ

ಈಗ ಲಂಡನ್ನಿನ ಆ ಚಿತ್ರಕಾರನ ಕಡೆಗೆ ತಿರುಗೋಣ. 1802ರಲ್ಲಿ ಗಾರ್ನೆರಿನ್ನನ ತೂಗಾಟವನ್ನು ಕಂಡ ಕಾಕಿಂಗನ ಮನಸ್ಸಿನಲ್ಲಿ ಒಂದು ಹುಳು ಹೊಕ್ಕಿತು. ತೂಗದ ಕೊಡೆಯನ್ನು ತಾನು ಮಾಡಬೇಕು. ಕೊಡೆಯನ್ನು ತಲೆಕೆಳಗು ಮಾಡಿ, ಆಲಿಕೆಯ ಆಕಾರದಲ್ಲಿ ಮೂತಿಯನ್ನು ಕೆಳಕ್ಕಿಟ್ಟರೆ ಅದು ತೂಗದೆ ನೇರವಾಗಿ ಇಳಿಯುವುದೆಂಬುದು ಆತನ ಸಿದ್ಧಾಂತ. ವಾಯುಯಾನದ ಮಹಾಚಿಂತಕನಾದ ಸರ್ ಜಾರ್ಜ್ ಕೇಲಿಯೂ ಆ ಆಕಾರವನ್ನು ಎತ್ತಿಹಿಡಿದಿದ್ದನು.

ಮೂವತ್ತೈದು ವರ್ಷಗಳ ಬಳಿಕ, 1837ರ ಜುಲೈ 24ರ ಸಂಜೆ, 61 ವರ್ಷದ ಕಾಕಿಂಗ್ ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದಲ್ಲಿ ತನ್ನ ಕೊಡೆಯ ಕೆಳಗೆ ನಿಂತನು. ಅದನ್ನೆತ್ತಿದ ಬಲೂನಿನಲ್ಲಿ ಚಾರ್ಲ್ಸ್ ಗ್ರೀನ್ ಎಂಬ ಹೆಸರಾಂತ ಬಲೂನುಗಾರನೂ ಎಡ್ವರ್ಡ್ ಸ್ಪೆನ್ಸರ್ ಎಂಬಾತನೂ ಇದ್ದರು. ಮೇಲಕ್ಕೆ ಒಯ್ಯುತ್ತೇನೆ, ಆದರೆ ಕೊಡೆಯನ್ನು ಕಳಚುವ ಕೆಲಸ ನನ್ನದಲ್ಲ ಎಂದು ಗ್ರೀನ್ ಮೊದಲೇ ಹೇಳಿಬಿಟ್ಟಿದ್ದನು. ಕೊಡೆಯೊಂದೇ ಸುಮಾರು 250 ಪೌಂಡು ತೂಕವಾಗಿತ್ತು. ಆ ಭಾರದಿಂದ ಬಲೂನು 5,000 ಅಡಿಗಿಂತ ಮೇಲೇರಲಾರದೆ ಹೋಯಿತು. ಕತ್ತಲಾಗುತ್ತ ಬಂದಿತು. ಕಾಕಿಂಗ್ ತಾನೇ ಕೊಕ್ಕೆಯನ್ನು ಕಳಚಿದನು. ಕೊಡೆಯು ಕ್ಷಣಕಾಲ ನೆಟ್ಟಗೆ ಇಳಿಯಿತು. ಆಮೇಲೆ ಮಡಿಸಿಕೊಂಡು ಮುರಿದು ಚೂರಾಯಿತು. ಗ್ರೀನಿಚ್ಚಿನ ಸಮೀಪದ ಲೀ ಎಂಬಲ್ಲಿ ಹೊಲದಲ್ಲಿ ಬಿದ್ದ ಕಾಕಿಂಗ್ ಬದುಕಲಿಲ್ಲ.

ಸೋಜಿಗವೆಂದರೆ ಕಾಕಿಂಗನ ಸಿದ್ಧಾಂತ ತಪ್ಪಾಗಿರಲಿಲ್ಲ. ತಲೆಕೆಳಗಾದ ಕೊಡೆಯು ಸ್ಥಿರವಾಗಿಯೇ ಇಳಿಯುವುದೆಂದು ಅಮೆರಿಕೆಯ ಜಾನ್ ವೈಸ್ ಪ್ರಯೋಗಗಳಿಂದ ತೋರಿಸಿದನು. ಕಾಕಿಂಗನನ್ನು ಕೊಂದುದು ಅತಿಯಾದ ತೂಕ ಮತ್ತು ಬಲವಿಲ್ಲದ ಜೋಡಣೆ. ಆಕಾರ ಸರಿಯಿದ್ದರೂ ಹೊಲಿಗೆ ಸರಿಯಿರಲಿಲ್ಲ. ಗಾರ್ನೆರಿನ್ ಬಿದ್ದು, ಎದ್ದು, ಕಂಡ ದೋಷವನ್ನು ತಿದ್ದಲು ಹೆಣಗಿ ಮತ್ತೆ ಇಳಿದವನು. ಕಾಕಿಂಗ್ ಮೂವತ್ತೈದು ವರ್ಷ ಯೋಚಿಸಿ, ಒಂದೇ ಸಲ ತನ್ನ ಪ್ರಾಣವನ್ನೇ ತಕ್ಕಡಿಗೆ ಹಾಕಿದವನು. ಇಬ್ಬರೂ ಧೈರ್ಯವಂತರೇ. ಧೈರ್ಯವನ್ನು ಬಳಸಿದ ಬಗೆ ಬೇರೆ.

ಮುಂಬಯಿಗೆ ಬಂದ ಕೊಡೆ

ಅಂದು ಬಲೂನಿನಲ್ಲಿದ್ದು ಕಾಕಿಂಗನ ಅಂತ್ಯವನ್ನು ಕಂಡ ಎಡ್ವರ್ಡ್ ಸ್ಪೆನ್ಸರನು ಬಲೂನನ್ನು ಬಿಡಲಿಲ್ಲ. ಮಗನಿಗೆ ಗ್ರೀನನ ಹೆಸರನ್ನೇ ಇಟ್ಟನು. ಆ ಮಗನೂ, ಆತನ ಮಕ್ಕಳೂ ಬಲೂನುಗಾರರಾದರು. ಮೊಮ್ಮಕ್ಕಳಲ್ಲಿ ಒಬ್ಬನಾದ ಪರ್ಸಿವಲ್ ಸ್ಪೆನ್ಸರ್ 1889ರಲ್ಲಿ ಹಿಂದುಸ್ಥಾನಕ್ಕೆ ಬಂದು ನಮ್ಮ ಮುಂಬಯಿಯಲ್ಲಿಯೂ ಕಲಕತ್ತೆಯಲ್ಲಿಯೂ ಬಲೂನು ಮತ್ತು ಪ್ಯಾರಾಚೂಟುಗಳ ಪ್ರದರ್ಶನವನ್ನು ನಡೆಸಿದನು. ಆತನಿಂದ ಕಲಿತ ಕಲಕತ್ತೆಯ ರಾಮಚಂದ್ರ ಚಟ್ಟೋಪಾಧ್ಯಾಯರು ಅದೇ ವರ್ಷ ಬಲೂನೇರಿ, ಮರುವರ್ಷ ಪ್ಯಾರಾಚೂಟಿನಲ್ಲಿ ಇಳಿದರು. ಗಾರ್ನೆರಿನ್ನನ ಕೊಡೆಯು ಹೀಗೆ ಒಂದು ಮನೆತನದ ಮೂರು ತಲೆಮಾರುಗಳ ಕೈದಾಟಿ ನಮ್ಮ ನೆಲಕ್ಕೆ ಇಳಿಯಿತು.

ಇಂದಿನ ವಾದ

ಇಂದಿನ ಧುಮುಕುಗಾರನ ಬೆನ್ನಿನಲ್ಲಿ ಒಂದಲ್ಲ, ಎರಡು ಪ್ಯಾರಾಚೂಟುಗಳಿರುತ್ತವೆ. ಮೊದಲನೆಯದು ಕೈಕೊಟ್ಟರೆ ಅದನ್ನು ಕಳಚಿ ಎರಡನೆಯದನ್ನು ಬಿಚ್ಚಬಹುದು. ಆತನು ಮೂರ್ಛೆ ಹೋದರೂ, ನಿಗದಿಯಾದ ಎತ್ತರದಲ್ಲಿ ತಾನಾಗಿ ಎರಡನೆಯದನ್ನು ಬಿಚ್ಚುವ ಯಂತ್ರವಿದೆ. ಕೊಡೆಯು ಈಗ ದುಂಡಗಿಲ್ಲ, ಹಕ್ಕಿಯ ರೆಕ್ಕೆಯಂತೆ ಚಪ್ಪಟೆಯಾಗಿ, ಬೇಕಾದ ಕಡೆಗೆ ತಿರುಗಿಸುವಂತಿದೆ. ಅಮೆರಿಕೆಯಲ್ಲಿ 2023ರಲ್ಲಿ ಸುಮಾರು 36.5 ಲಕ್ಷ ಧುಮುಕುಗಳು ನಡೆದು, ಸತ್ತವರು 10 ಮಂದಿ. ಮಗನು ಮನೆಯಲ್ಲಿ ಮಾಡುವ ವಾದಕ್ಕೆ ಇಷ್ಟರ ಮಟ್ಟಿಗೆ ಆಧಾರವುಂಟು.

ಆದರೆ ಸಾಯುವವರಲ್ಲಿ ಹಲವರ ಪ್ಯಾರಾಚೂಟು ಚೆನ್ನಾಗಿಯೇ ಅರಳಿರುತ್ತದೆ. ವೇಗದ ಮೋಜಿಗಾಗಿ ಚಿಕ್ಕ ರೆಕ್ಕೆಯನ್ನು ಆರಿಸಿಕೊಂಡು, ನೆಲದ ಸಮೀಪದಲ್ಲಿ ರಭಸದಿಂದ ತಿರುಗಿಸಲು ಹೋಗಿ ಬಡಿಯುತ್ತಾರೆ. ಈ ವಿದ್ಯೆಗೆ ಅನೇಕ ಸುರಕ್ಷಾ ಸಾಧನಗಳನ್ನು ಕೊಟ್ಟ ಅಮೆರಿಕೆಯ ಬಿಲ್ ಬೂತ್ ಅವರು ಒಂದು ನಿಯಮವನ್ನು ಹೇಳಿದ್ದಾರೆ. ಸಾಧನವು ಸುರಕ್ಷಿತವಾದಷ್ಟೂ ಧುಮುಕುಗಾರರು ಹೆಚ್ಚು ಅಪಾಯಕ್ಕೆ ಕೈಹಾಕಿ, ಸಾವಿನ ಪ್ರಮಾಣವನ್ನು ಇದ್ದಲ್ಲಿಯೇ ಇರಿಸುತ್ತಾರೆ ಎಂಬುದು ಅದರ ತಾತ್ಪರ್ಯ. ಅಂಕಿಗಳು ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಸಾವುಗಳು ದಶಕಗಳಿಂದ ಇಳಿದಿವೆ. ಆದರೂ ಮಾತಿನ ತಿರುಳು ಸುಳ್ಳಲ್ಲ. ಅಪಾಯವು ಅಳಿಯಲಿಲ್ಲ, ಜಾಗ ಬದಲಿಸಿತು.

ಆದುದರಿಂದಲೇ ಆ ಹವ್ಯಾಸಿಗಳಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಇಷ್ಟು ಸಲ ಧುಮುಕದವರಿಗೆ ಚಿಕ್ಕ ರೆಕ್ಕೆ ಕೊಡಕೂಡದೆಂಬ ನಿಯಮ ಬೇಕು ಎನ್ನುವವರು ಒಂದು ಕಡೆ. ಕೆಲವು ದೇಶಗಳಲ್ಲಿ ಅಂತಹ ನಿಯಮಗಳೂ ಇವೆ. ವಯಸ್ಕನಾದವನ ಪ್ರಾಣ ಆತನದು, ತಿಳಿವಳಿಕೆ ಹೇಳಿ, ತಡೆಯಬೇಡಿ ಎನ್ನುವವರು ಇನ್ನೊಂದು ಕಡೆ. ಪ್ಯಾರಿಸ್ಸಿನ ಪೊಲೀಸರಿಗೂ ಮಂತ್ರಿಗಳಿಗೂ ಆದ ವಾದವೇ ಇದು.

ನಮ್ಮ ಅಭಿಪ್ರಾಯವನ್ನು ಕೇಳುವುದಾದರೆ ಹೀಗೆ ಹೇಳುತ್ತೇವೆ. ತಡೆಯುವುದರಿಂದ ಯಾರೂ ಬುದ್ಧಿವಂತರಾಗುವುದಿಲ್ಲ. ತಡೆಯದೆ ಸುಮ್ಮನಿದ್ದುಬಿಡುವುದೂ ಹಿರಿಯರ ಲಕ್ಷಣವಲ್ಲ. ದುಬಾಯಿಯಿಂದ ಮಗನ ಚಿತ್ರ ಬಂದಾಗ ಗದರಬೇಡಿ, ಹೊಗಳಲೂ ಬೇಡಿ. ನಿನ್ನನ್ನು ಕಟ್ಟಿಕೊಂಡು ಧುಮುಕಿದವನು ಎಷ್ಟು ಸಲ ಧುಮುಕಿದವನು? ಎರಡನೆಯ ಪ್ಯಾರಾಚೂಟನ್ನು ಮಡಿಸಿದವರು ಯಾರು, ಎಂದು? ಗಾಳಿ ಜೋರಾಗಿದ್ದರೆ ಹಣ ಹೋದರೂ ಹಿಂತಿರುಗಿ ಬರುತ್ತಿದ್ದೆಯಾ? ಈ ಮೂರು ಪ್ರಶ್ನೆಗಳನ್ನು ಕೇಳಿರಿ. ಉತ್ತರ ಬಲ್ಲವನಾದರೆ ಆತನು ಗಾರ್ನೆರಿನ್ನನ ವಂಶದವನು, ಚಿಂತೆ ಬೇಡ. ಉತ್ತರಿಸಲು ತಡವರಿಸಿದನಾದರೆ, ಮುಂದಿನ ಸಲ ಏರುವ ಮೊದಲು ಅವನ್ನು ಕೇಳಿ ತಿಳಿದುಕೊಳ್ಳುವಂತೆ ಹೇಳಿರಿ. ಅಷ್ಟನ್ನು ಹೇಳುವ ಹಕ್ಕು ಹೆತ್ತವರಿಗೆ ಖಂಡಿತವಾಗಿಯೂ ಇದೆ.